ಮನೆಯವರು ಹೆಸರೆತ್ತದ ಮುತ್ತಾತನ ಬದುಕನ್ನು ದಾಖಲೆಗಳಲ್ಲಿ ಹುಡುಕುವುದು ಹೇಗೆ?

ಪ್ರಶ್ನೆ: ನಮ್ಮದು ಬೇಲೂರು ತಾಲ್ಲೂಕಿನ ಹಳ್ಳಿ. ನಮ್ಮ ತಾತನ ತಂದೆ ಇದ್ದ ಜಮೀನೆಲ್ಲ ಕಳೆದು ಊರು ಬಿಟ್ಟು ಹೋದರಂತೆ. ಕುಡಿದು ಹಾಳಾದ ಅಂತ ಒಬ್ಬರು, ತಲೆ ಕೆಟ್ಟಿತ್ತು ಅಂತ ಇನ್ನೊಬ್ಬರು, ಜೈಲಿಗೂ ಹೋಗಿದ್ದ ಅಂತ ಮತ್ತೊಬ್ಬರು ಹೇಳುತ್ತಾರೆ. ಹಿರಿಯರನ್ನು ಕೇಳಿದರೆ ಮಾತು ಮರೆಸುತ್ತಾರೆ. ನಿಜವಾಗಿ ಏನಾಯಿತು ಅಂತ ತಿಳಿಯಲು ಎಲ್ಲಿ ಹುಡುಕಬೇಕು?

ಉತ್ತರ: ಜಮೀನಿನಿಂದ ಶುರು ಮಾಡಿ. ಜೈಲು, ಆಸ್ಪತ್ರೆ ಅಂತ ಮೊದಲೇ ಓಡಬೇಡಿ. ಅಲ್ಲಿ ಹುಡುಕಬೇಕಾದರೆ ವರ್ಷ ಗೊತ್ತಿರಬೇಕು, ಹೆಸರು ಕಾಗದದಲ್ಲಿ ಹೇಗಿತ್ತು ಅನ್ನುವುದೂ ಗೊತ್ತಿರಬೇಕು. ಇವೆರಡೂ ಸಿಗುವುದು ಕಂದಾಯದ ಕಡತದಲ್ಲಿ. ಕಚೇರಿಗೆ ಹೋಗುವ ಮುಂಚೆ ನಾಡಕಚೇರಿಯಿಂದ ವಂಶವೃಕ್ಷ ದೃಢೀಕರಣ ಪತ್ರ ಮಾಡಿಸಿಕೊಳ್ಳಿ. ನೀವು ಅವರಿಗೆ ಏನಾಗಬೇಕು ಅಂತ ಎಲ್ಲ ಕಡೆಯೂ ಕೇಳುತ್ತಾರೆ.

ಜಮೀನು ಕೈಬಿಟ್ಟು ಮೂರು ತಲೆಮಾರಾದರೆ ಸರ್ವೆ ನಂಬರು ಮನೆಯಲ್ಲಿ ಯಾರಿಗೂ ನೆನಪಿರುವುದಿಲ್ಲ. ಆಗ ಅಕ್ಕಪಕ್ಕದ ಜಮೀನಿನವರ ಹಳೇ ಕ್ರಯಪತ್ರದ ಚಕ್ಕುಬಂದಿ ನೋಡಿ. ‘ಪೂರ್ವಕ್ಕೆ ಇಂಥವರ ಗದ್ದೆ, ಪಶ್ಚಿಮಕ್ಕೆ ಹಳ್ಳ’ ಅಂತ ಬರೆದಿರುತ್ತಾರಲ್ಲ, ಅಲ್ಲಿ ನಿಮ್ಮ ಮುತ್ತಾತನ ಹೆಸರು ಬಂದರೆ ನಂಬರು ಸಿಕ್ಕಿತು ಅಂತಲೇ ಲೆಕ್ಕ. ಆ ನಂಬರಿನ ಈಗಿನ ಪಹಣಿಯಲ್ಲಿ ಮ್ಯುಟೇಷನ್ (ಹಕ್ಕು ಬದಲಾವಣೆ) ಸಂಖ್ಯೆ ಇರುತ್ತದೆ. ಅದನ್ನು ಹಿಡಿದು ಹಿಂದಕ್ಕೆ ಹೋಗಬೇಕು: ಕೈಬರಹದ ಪಹಣಿ, ಮ್ಯುಟೇಷನ್ ರಿಜಿಸ್ಟರು, ಅದಕ್ಕೂ ಹಿಂದಿನ ಆರ್‌.ಆರ್‌. (ಹಕ್ಕು ದಾಖಲೆ) ಮತ್ತು ಇಂಡೆಕ್ಸ್ ಆಫ್ ಲ್ಯಾಂಡ್ಸ್ (ಜಮೀನುಗಳ ಸೂಚಿ). ಇವೆಲ್ಲ ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿನಲ್ಲಿರುತ್ತವೆ. ತಾಲ್ಲೂಕಿನ ಹೆಸರು ಬದಲಾಗಿದ್ದರೆ ಕಡತವೂ ಹಳೇ ಹೆಸರಿನಲ್ಲೇ ಇರುತ್ತದೆ. ಸಕಲೇಶಪುರಕ್ಕೆ ಮಂಜರಾಬಾದ್, ನರಸಿಂಹರಾಜಪುರಕ್ಕೆ ಎಡೇಹಳ್ಳಿ ಅಂತ ನೋಡಬೇಕು. ಚಿಕ್ಕಮಗಳೂರು ಜಿಲ್ಲೆ 1947ರವರೆಗೆ ಕಡೂರು ಜಿಲ್ಲೆಯಾಗಿತ್ತು. ಅಜ್ಜಂಪುರದ ಹಳೇ ಕಾಗದಕ್ಕೆ ತರೀಕೆರೆಯಲ್ಲಿ, ಕಳಸದ್ದಕ್ಕೆ ಮೂಡಿಗೆರೆಯಲ್ಲಿ ಕೇಳಿ.

ಮ್ಯುಟೇಷನ್ನಿನಲ್ಲಿ ಹಕ್ಕು ಯಾವ ಬಗೆಯಲ್ಲಿ ಬದಲಾಯಿತು ಅನ್ನುವುದೇ ಮುಖ್ಯ. ಕ್ರಯ ಅಂದರೆ ತಾವೇ ಮಾರಿದ್ದು. ಹರಾಜು ಅಂದರೆ ಕೋರ್ಟಿನ ಡಿಕ್ರಿಯೋ ಕಂದಾಯ ಬಾಕಿಯೋ ಹಿಂದೆ ಇರುತ್ತದೆ. ಕಂದಾಯ ಬಾಕಿಗೆ ಸರ್ಕಾರವೇ ಹಿಡಿದುಕೊಂಡದ್ದಾದರೆ ‘ಫಡಾ’ ಅಂತ ಬರೆದಿರುತ್ತಾರೆ. ‘ಜಮೀನು ಕಳೆದ’ ಅನ್ನುವ ಒಂದೇ ಮಾತಿನಡಿ ಬೇರೆ ಬೇರೆ ಬದುಕು ಅಡಗಿರಬಹುದು ಅನ್ನುವುದು ಇಲ್ಲೇ ಗೊತ್ತಾಗುತ್ತದೆ.

ತಾರೀಖಿನಲ್ಲಿ ಎಡವುವವರೇ ಹೆಚ್ಚು. ಹಳೇ ಪತ್ರಗಳಲ್ಲಿ ಸಂವತ್ಸರ, ಮಾಸ, ತಿಥಿ, ವಾರ ಇರುತ್ತದೆ. ಸಂವತ್ಸರದ ಹೆಸರು 60 ವರ್ಷಕ್ಕೊಮ್ಮೆ ಮರಳಿ ಬರುತ್ತದೆ. ಈಶ್ವರ ಸಂವತ್ಸರ ಅಂದರೆ 1937-38 ಆಗಬಹುದು, ಹಿರಿಯರು ಧಾತು ಈಶ್ವರದ ಬರ ಅನ್ನುವ ಆ ಮಹಾಬರದ 1877-78 ಕೂಡ ಆಗಬಹುದು. ಎರಡರಲ್ಲಿ ಯಾವುದು ಅಂತ ತೀರ್ಮಾನಿಸಲು ತಿಥಿಗೂ ವಾರಕ್ಕೂ ಹೊಂದಿಕೆ ಇದೆಯೇ ಅಂತ ಹಳೇ ಪಂಚಾಂಗ ನೋಡಿ. ಸಂವತ್ಸರ ಯುಗಾದಿಗೆ ಬದಲಾಗುವುದರಿಂದ ಮಾಘ, ಫಾಲ್ಗುಣದ ಪತ್ರ ಇಂಗ್ಲಿಷ್ ಲೆಕ್ಕದಲ್ಲಿ ಮುಂದಿನ ವರ್ಷಕ್ಕೆ ಬೀಳುತ್ತದೆ ಅನ್ನುವುದನ್ನೂ ಮರೆಯಬೇಡಿ. ಹೆಸರಿನದ್ದು ಇನ್ನೊಂದು ತೊಡಕು. ತಾತನ ಹೆಸರನ್ನೇ ಮೊಮ್ಮಗನಿಗೆ ಇಡುವ ಮನೆಗಳಲ್ಲಿ ‘ಬಿನ್’ (ಇಂಥವರ ಮಗ) ಆದ ಮೇಲೆ ಬರುವ ತಂದೆಯ ಹೆಸರು ನೋಡದೆ ಒಂದು ಹೆಜ್ಜೆಯೂ ಮುಂದಿಡಬಾರದು.

ವರ್ಷ ಸಿಕ್ಕಿದ ಮೇಲೆ ಸಬ್‌ರಿಜಿಸ್ಟ್ರಾರ್ ಕಚೇರಿ. ಮನುಷ್ಯನ ಕಷ್ಟ ಕಣ್ಣಿಗೆ ಕಟ್ಟುವುದು ಇಲ್ಲಿಯೇ, ಆದ್ದರಿಂದ ಹೆಚ್ಚಿನ ಸಮಯ ಇಲ್ಲಿ ಕಳೆಯಿರಿ. ಆನ್‌ಲೈನಿನಲ್ಲಿ ಋಣಭಾರ ಪತ್ರ (ಇ.ಸಿ.) ಸಿಗುವುದು 2004ರಿಂದ ಈಚೆಗೆ ಮಾತ್ರ. ಅದಕ್ಕೂ ಹಿಂದಿನದಕ್ಕೆ ಕಚೇರಿಯಲ್ಲೇ ಅರ್ಜಿ ಕೊಟ್ಟು ಹುಡುಕಿಸಬೇಕು. ಶುಲ್ಕ ವರ್ಷದ ಲೆಕ್ಕದಲ್ಲಿ ಬೀಳುವುದರಿಂದ ಮ್ಯುಟೇಷನ್ನಿನ ವರ್ಷಕ್ಕೆ ಹಿಂದೆ ಮುಂದೆ ಐದೈದು ವರ್ಷ ಕೇಳಿದರೆ ಸಾಕು. ಒಂದನೇ ಇಂಡೆಕ್ಸ್ ಹೆಸರಿನದು, ಎರಡನೆಯದು ಆಸ್ತಿಯದು. ಸ್ಥಿರಾಸ್ತಿಯ ಪತ್ರಗಳಿರುವ ಒಂದನೇ ಪುಸ್ತಕ ಮತ್ತು ಅದರ ಇಂಡೆಕ್ಸನ್ನು ಶುಲ್ಕ ಕಟ್ಟಿ ಯಾರು ಬೇಕಾದರೂ ನೋಡಬಹುದು, ನೋಂದಣಿ ಕಾಯ್ದೆಯ 57ನೇ ಕಲಮು ಹಾಗೆ ಹೇಳುತ್ತದೆ.

ಭೋಗ್ಯಪತ್ರವೋ (ಸಾಲಕ್ಕೆ ಜಮೀನು ಅಡವಿಟ್ಟ ಪತ್ರ) ಕ್ರಯಪತ್ರವೋ ಕೈಗೆ ಬಂದಾಗ ‘ಸಂಸಾರದ ಖರ್ಚಿಗಾಗಿ, ಹಿಂದಿನ ಸಾಲದ ತೀರುವಳಿಗಾಗಿ’ ಅನ್ನುವ ಸಾಲನ್ನು ಹಾಗೇ ನಂಬಬೇಡಿ. ಒಟ್ಟು ಕುಟುಂಬದ ಆಸ್ತಿಯನ್ನು ಕುಟುಂಬದ ಅವಶ್ಯಕತೆಗೆ ಮಾರಿದರೆ ಮಾತ್ರ ಮಾರಾಟ ಊರ್ಜಿತವಾಗುತ್ತಿತ್ತು. ಅದಕ್ಕಾಗಿ ಬರಹಗಾರರು ಆ ಮಾತನ್ನು ಎಲ್ಲ ಪತ್ರಕ್ಕೂ ಹಾಕುತ್ತಿದ್ದರು. ನಂಬಬೇಕಾದ್ದು ಅದರ ಮುಂದಿನ ವಿವರ: ಯಾವ ಸಾಹುಕಾರರಿಗೆ, ಯಾವ ತಾರೀಖಿನ ಪ್ರಾಮಿಸರಿ ನೋಟಿಗೆ (ಸಾಲದ ಚೀಟಿಗೆ), ಅಸಲು ಎಷ್ಟು, ಬಡ್ಡಿ ಎಷ್ಟು ಸೇರಿ ಈ ಮೊತ್ತವಾಯಿತು ಅನ್ನುವುದು. ನೂರು ರೂಪಾಯಿ ಅಸಲಿಗೆ ನೂರೈವತ್ತು ಬಡ್ಡಿ ಸೇರಿದ್ದರೆ ಸಾಲ ಹುಟ್ಟಿದ್ದು ಎಷ್ಟೋ ವರ್ಷ ಮುಂಚೆ. ಬಹುಶಃ ಸಾಲ ಮಾಡಿದ್ದು ನಿಮ್ಮ ಮುತ್ತಾತನೂ ಅಲ್ಲ, ಅವರ ತಂದೆ.

ಪತ್ರದ ಹಿಂಬದಿಯಲ್ಲಿ ನೋಂದಣಿ ಅಧಿಕಾರಿ ಬರೆದ ಷರಾ ಓದದೆ ಬಿಡಬೇಡಿ. ಹಣ ಸಬ್‌ರಿಜಿಸ್ಟ್ರಾರ್ ಎದುರಿಗೇ ಎಣಿಸಿ ಕೊಟ್ಟರೋ ಮೊದಲೇ ಮುಟ್ಟಿತು ಅಂತ ಬರೆದರೋ ಅಲ್ಲಿರುತ್ತದೆ. ಮೊದಲ ಪತ್ರಗಳಲ್ಲಿ ರುಜು ಹಾಕಿದ ಮನುಷ್ಯ ಕೊನೆಯ ಪತ್ರಕ್ಕೆ ಹೆಬ್ಬೆಟ್ಟು ಒತ್ತಿದ್ದರೆ ನಿಂತು ಯೋಚಿಸಬೇಕು. ಕೈ ನಡುಗುತ್ತಿತ್ತೋ, ಕಾಯಿಲೆಯೋ, ಅಥವಾ ಅದು ಅವರದೇ ಅಲ್ಲವೋ? ಕಾಯಿಲೆ ಬಿದ್ದವರು, ಜೈಲಿನಲ್ಲಿರುವವರು ಕಚೇರಿಗೆ ಬರಬೇಕಾಗಿಲ್ಲ. ಅಧಿಕಾರಿಯೇ ಅವರಿದ್ದಲ್ಲಿಗೆ ಹೋಗಿ ಹೇಳಿಕೆ ಪಡೆಯಬಹುದು, ಹಾಗೆ ಆಗಿದ್ದರೆ ಎಲ್ಲಿ ಪಡೆದದ್ದು ಅಂತ ಷರಾ ಹೇಳುತ್ತದೆ. ಪತ್ರ ಬರೆದುಕೊಟ್ಟವರಿಗೆ ಬುದ್ಧಿ ಸ್ವಾಧೀನದಲ್ಲಿಲ್ಲ ಅಂತ ಕಂಡರೆ ನೋಂದಣಿಯನ್ನೇ ನಿರಾಕರಿಸಬೇಕು, ಕಾರಣವನ್ನು ಎರಡನೇ ಪುಸ್ತಕದಲ್ಲಿ ಬರೆಯಬೇಕು. ಆ ಪುಸ್ತಕವೂ ಎಲ್ಲರಿಗೂ ತೆರೆದದ್ದೇ. ಆದರೂ ಅದನ್ನು ಕೇಳುವವರು ಅಪರೂಪ.

ಇದಾದ ಮೇಲೆ ಒಂದು ಕೆಲಸ ತಪ್ಪದೆ ಮಾಡಿ. ಅದೇ ವರ್ಷಗಳ ಎರಡನೇ ಇಂಡೆಕ್ಸಿನಲ್ಲಿ ನಿಮ್ಮ ಇಡೀ ಊರನ್ನು ನೋಡಿ. ಆ ವರ್ಷಗಳು 1930ರ ಆಸುಪಾಸಿನವಾದರೆ, ಆರ್ಥಿಕ ಕುಸಿತದಲ್ಲಿ ಫಸಲಿನ ಬೆಲೆ ಬಿದ್ದು ಸಾಲ ಹಾಗೇ ಉಳಿದ ಕಾಲವದು. ಊರಿನ ಹತ್ತಾರು ಮನೆ ಅದೇ ಒಬ್ಬಿಬ್ಬರು ಸಾಹುಕಾರರಿಗೆ ಭೋಗ್ಯ ಬರೆದುಕೊಟ್ಟಿದ್ದರೆ, ಕುಡಿತದಿಂದ ಜಮೀನು ಹೋಯಿತು ಅನ್ನುವ ಮನೆಮಾತನ್ನು ಮತ್ತೆ ತೂಗಿ ನೋಡಬೇಕಾಗುತ್ತದೆ. ಜಮೀನು ಹೋದ ಮೇಲೆ ಕುಡಿತ ಶುರುವಾಗಿರಲೂಬಹುದು. ಒಂದು ಉದ್ದನೆಯ ಹಾಳೆಯಲ್ಲಿ ಮದುವೆ, ಮಕ್ಕಳು, ಸಾವು, ಸಾಲ, ಮಾರಾಟ ಎಲ್ಲವನ್ನೂ ತಾರೀಖಿನ ಪ್ರಕಾರ ಬರೆಯಿರಿ. ಯಾವುದು ಮೊದಲು, ಯಾವುದು ಆಮೇಲೆ ಅಂತ ತಿಳಿಯದೆ ಸತ್ತವರ ಮೇಲೆ ತಪ್ಪು ಹೊರಿಸುವುದು ಅನ್ಯಾಯ.

ಹುಡುಕುತ್ತಿರುವುದು ಅಜ್ಜಿಯನ್ನಾದರೆ ಖಾತೆಯಲ್ಲಿ ಹೆಸರು ಸಿಗುವುದು ಕಷ್ಟ. ‘ಕೋಂ’ ಅಂತ ಗಂಡನ ಹೆಸರಿನ ಜೊತೆಗೆ, ಜೀವನಾಂಶದ ಕರಾರಿನಲ್ಲಿ, ತವರಿನ ಪಾಲುಪಟ್ಟಿಯಲ್ಲಿ ನೋಡಿ. 1933ರಲ್ಲಿ ಮೈಸೂರು ಸಂಸ್ಥಾನ ಹಿಂದೂ ಸ್ತ್ರೀಯರ ಹಕ್ಕಿನ ಕಾಯ್ದೆ ತಂದ ಮೇಲೆ ವಿಧವೆಯರಿಗೂ ತಾಯಂದಿರಿಗೂ ಪಾಲು ಬಂತು, ಆಮೇಲಿನ ವಿಭಾಗಪತ್ರಗಳಲ್ಲಿ ಹೆಂಗಸರನ್ನು ಹುಡುಕುವುದು ಸುಲಭ.

ಜೈಲಿನ ವಿಚಾರಕ್ಕೆ ಕೋರ್ಟಿನ ದಾರಿಯೇ ಸರಿ. ಹರಾಜಿನ ಮ್ಯುಟೇಷನ್ನಿನಲ್ಲಿ ದಾವೆ ನಂಬರು ಇದ್ದರೆ ಆ ಕೋರ್ಟಿನಲ್ಲಿ ನಕಲು ಅರ್ಜಿ ಹಾಕಿ. ಪಾಲಿನ ದಾವೆಯಾದರೆ ವಾದಪತ್ರದಲ್ಲಿ ವಂಶಾವಳಿಯೂ, ಪ್ರತಿವಾದಿ ದುಶ್ಚಟದವನು ಅನ್ನುವಂಥ ಆರೋಪವೂ ಇರುತ್ತದೆ. ಆರೋಪ ವಕೀಲರು ಬರೆದದ್ದು, ತೀರ್ಪಿನಲ್ಲಿ ಅದು ಸಾಬೀತಾಯಿತೇ ಅಂತ ನೋಡಿ. ಕಡತದ ಬಹುಭಾಗ ಅವಧಿ ಮುಗಿದ ಮೇಲೆ ನಾಶವಾಗುತ್ತದೆ, ಸಾಮಾನ್ಯವಾಗಿ ತೀರ್ಪು, ಡಿಕ್ರಿ ಉಳಿಯುತ್ತವೆ.

ಮಾನಸಿಕ ಕಾಯಿಲೆಯಿತ್ತು ಅನ್ನುವುದಾದರೆ, ಹಳೇ ಮೈಸೂರಿನವರನ್ನು ಕಳಿಸುತ್ತಿದ್ದ ದೊಡ್ಡ ಆಸ್ಪತ್ರೆ ಬೆಂಗಳೂರಿನದು. 1925ರಲ್ಲಿ ಮಾನಸಿಕ ಆಸ್ಪತ್ರೆ ಅಂತ ಹೆಸರಾದದ್ದು 1974ರಲ್ಲಿ ನಿಮ್ಹಾನ್ಸ್‌ನಲ್ಲಿ ಸೇರಿತು. ರೋಗಿಯ ವಿವರ ಗೋಪ್ಯ ಅಂತ ಉತ್ತರ ಬರುವುದು ಸಹಜ. ವಂಶವೃಕ್ಷ ಲಗತ್ತಿಸಿ, ಇಡೀ ಕೇಸ್ ಶೀಟ್ ಕೇಳದೆ, ಸೇರಿದ ಮತ್ತು ಬಿಟ್ಟ ತಾರೀಖು ಮಾತ್ರ ಕೇಳಿ. ಮಾಹಿತಿ ಹಕ್ಕಿನಡಿ ಹಾಕುವುದಾದರೆ ಶುಲ್ಕ 10 ರೂಪಾಯಿ. 20 ವರ್ಷಕ್ಕಿಂತ ಹಿಂದೆ ನಡೆದ ಸಂಗತಿಗೆ ಖಾಸಗಿತನದ ವಿನಾಯಿತಿ ಅನ್ವಯಿಸುವುದಿಲ್ಲ ಅನ್ನುವ 8(3)ನೇ ಕಲಮನ್ನು ಅರ್ಜಿಯಲ್ಲೇ ಬರೆಯಿರಿ. ರಾಜ್ಯ ಸರ್ಕಾರದ ಕಚೇರಿಗಳಿಗಾದರೆ ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ.

ಕೊನೆಯದು ಸಾವು. ಪೌತಿ ಖಾತೆಯ (ಸತ್ತವರ ಜಮೀನನ್ನು ವಾರಸುದಾರರ ಹೆಸರಿಗೆ ಮಾಡುವುದು) ತಾರೀಖು ಸತ್ತ ತಾರೀಖಲ್ಲ. ಖಾತೆ ಮಾಡಿಸುವುದು ಎಷ್ಟೋ ವರ್ಷದ ಮೇಲೆ. ಊರು ಬಿಟ್ಟು ಸುದ್ದಿಯಿಲ್ಲದವರನ್ನು ಏಳು ವರ್ಷ ಕಳೆದ ಮೇಲೆ ಸತ್ತರೆಂದು ಭಾವಿಸಿ ಕೋರ್ಟಿನಿಂದ ಘೋಷಣೆ ತಂದದ್ದೂ ಇರಬಹುದು. ಮರಣ ಬರೆಯುವುದು ಸತ್ತ ಜಾಗದ ಪುಸ್ತಕದಲ್ಲಿ, ಹುಟ್ಟಿದೂರಿನಲ್ಲಲ್ಲ. ಈಗಿನ ಜನನ ಮರಣ ನೋಂದಣಿ ಪದ್ಧತಿ 1970ರಿಂದ ಈಚಿನದು, ಅದಕ್ಕೂ ಹಿಂದಿನ ಗ್ರಾಮದ ಪುಸ್ತಕ ಉಳಿದಿದ್ದರೆ ತಾಲ್ಲೂಕು ಕಚೇರಿಯಲ್ಲಿ ವಿಚಾರಿಸಿ. ಸಾವಿನ ಕಾರಣವನ್ನು ಪ್ರಮಾಣಪತ್ರದಲ್ಲಿ ಕೊಡುವಂತಿಲ್ಲ. ಹುಡುಕಲು ಮೊದಲು ಹೆಂಡತಿಯ ತವರೂರು, ಮಗಳನ್ನು ಕೊಟ್ಟ ಊರು, ಆಮೇಲೆ ಘಟ್ಟದ ತೋಟಗಳಿದ್ದ ಹೋಬಳಿಗಳು. ಕೈ ಬರಿದಾದವರು ಕಾಫಿ ತೋಟದ ಕೆಲಸಕ್ಕೆ ಹೋಗುವುದು ಇತ್ತು. ಹಳೇ ತೋಟಗಳಲ್ಲಿ ಆಳುಗಳ ಹಾಜರಿ ಪುಸ್ತಕ ಇನ್ನೂ ಇಟ್ಟಿದ್ದರೆ, ಹೆಸರಿನ ಪಕ್ಕದಲ್ಲಿ ಮೇಸ್ತ್ರಿಯ ಹೆಸರು, ಕೊಟ್ಟ ಮುಂಗಡ ನೋಡಿ. ಬಿಟ್ಟ ಊರಿನ ಹೆಸರು ಬರೆದಿಲ್ಲದಿದ್ದರೂ ಮೇಸ್ತ್ರಿ ಯಾವ ಊರಿನಿಂದ ಜನ ಕರೆತರುತ್ತಿದ್ದ ಅನ್ನುವುದರಿಂದ ಅದು ನಿಮ್ಮವರೇ ಹೌದೋ ಅಲ್ಲವೋ ಅಂತ ಊಹಿಸಬಹುದು.