ಆಟದ ನಡುವೆ ಸ್ಕ್ರೀನ್ ಕಪ್ಪಾಗುತ್ತಿದೆ: ಹೊಸ ಗ್ರಾಫಿಕ್ಸ್ ಕಾರ್ಡ್ ಹಾಕಿಸಬೇಕಾ?

ಪ್ರಶ್ನೆ: ಮನೆಯ ಕಂಪ್ಯೂಟರಿನಲ್ಲಿ ಮಗ ಗೇಮ್ ಆಡುವಾಗ ಸ್ಕ್ರೀನ್ ಇದ್ದಕ್ಕಿದ್ದಂತೆ ಕಪ್ಪಾಗಿ, ಸ್ವಲ್ಪ ಹೊತ್ತಿಗೆ ಮತ್ತೆ ಬರುತ್ತದೆ. ಡಿಸ್‌ಪ್ಲೇ ಡ್ರೈವರ್ ನಿಂತುಹೋಗಿತ್ತು ಅಂತ ವಿಂಡೋಸ್ ತೋರಿಸುತ್ತದೆ. ರಿಪೇರಿಯವರು ಕಾರ್ಡ್ ತೆಗೆದು ನೋಡಿದರು, ಸಮಸ್ಯೆ ಬರಲಿಲ್ಲ. ಹಾಗಾಗಿ ಕಾರ್ಡೇ ಹೋಗಿದೆ, ಹೊಸದು ಹಾಕಿಸಿ ಅಂತಾರೆ. ಏನು ಮಾಡಲಿ?

ಉತ್ತರ: ಸದ್ಯಕ್ಕೆ ಹಾಕಿಸಬೇಡಿ. ಆ ಒಂದು ಪರೀಕ್ಷೆಯಿಂದ ಕಾರ್ಡ್ ಕೆಟ್ಟಿದೆ ಅಂತ ಹೇಳಲು ಬರುವುದಿಲ್ಲ.

ವಿಂಡೋಸ್ ಕೊಟ್ಟ ಕೆಲಸಕ್ಕೆ ಗ್ರಾಫಿಕ್ಸ್ ಕಾರ್ಡ್ 2 ಸೆಕೆಂಡಿನೊಳಗೆ ಸ್ಪಂದಿಸಬೇಕು. ಸ್ಪಂದಿಸದಿದ್ದರೆ ವಿಂಡೋಸ್ ಡ್ರೈವರನ್ನು (ಕಾರ್ಡನ್ನು ನಡೆಸುವ ಸಾಫ್ಟ್‌ವೇರನ್ನು) ತಾನೇ ನಿಲ್ಲಿಸಿ ಮತ್ತೆ ಶುರು ಮಾಡುತ್ತದೆ. ನೀವು ನೋಡುವ ಕಪ್ಪು ಸ್ಕ್ರೀನ್ ಅದೇ. ವಿಂಡೋಸ್ ವಿಸ್ಟಾ ಬಂದಾಗಿನಿಂದ ಈ ಏರ್ಪಾಡು ಇದೆ. ಒಂದೇ ನಿಮಿಷದಲ್ಲಿ ಪದೇ ಪದೇ ಹೀಗಾದರೆ ನೀಲಿ ಸ್ಕ್ರೀನ್ ಬರುತ್ತದೆ. ಅಂದರೆ ಕಾರ್ಡ್ ಉತ್ತರ ಕೊಡಲಿಲ್ಲ ಅನ್ನುವುದಷ್ಟೇ ಆ ಸಂದೇಶದಲ್ಲಿದೆ. ಯಾಕೆ ಕೊಡಲಿಲ್ಲ ಅನ್ನುವುದನ್ನು ನಾವೇ ಹುಡುಕಬೇಕು. ವಿಂಡೋಸಿನ ಒಳಗಿನ ಸೆಟ್ಟಿಂಗುಗಳಿರುವ ರಿಜಿಸ್ಟ್ರಿಯಲ್ಲಿ ಆ 2 ಸೆಕೆಂಡನ್ನು 8, 10 ಮಾಡಿ ಅಂತ ಕೆಲವರು ಹೇಳುತ್ತಾರೆ. ಸುಮ್ನೆ ಅದನ್ನು ಮುಟ್ಟಬೇಡಿ. ಡ್ರೈವರ್ ಬರೆಯುವವರು ಪರೀಕ್ಷೆ ಮಾಡಲಿ ಅಂತ ಮೈಕ್ರೋಸಾಫ್ಟ್ ಅದನ್ನು ಇಟ್ಟಿದೆ.

ಮೊದಲು ದಿನಾಂಕ ನೋಡಿ. ಸ್ಟಾರ್ಟ್ ಮೆನುವಿನಲ್ಲಿ ‘ರಿಲಯಬಿಲಿಟಿ’ ಅಂತ ಟೈಪ್ ಮಾಡಿದರೆ ದಿನವಾರು ಪಟ್ಟಿಯೊಂದು ತೆರೆಯುತ್ತದೆ. ಅದರಲ್ಲಿ ಹಾರ್ಡ್‌ವೇರ್ ಎರರ್ ಇದ್ದು, ಒಳಗೆ 141 ಅಥವಾ 117 ಅನ್ನುವ ಕೋಡ್ ಇದ್ದರೆ ಇದೇ ತೊಂದರೆ. ಅದಕ್ಕೆ ಸ್ವಲ್ಪ ಮುಂಚೆ ಯಾವ ಅಪ್‌ಡೇಟ್ ಬಂದಿತ್ತು ಅನ್ನುವುದೂ ಅದೇ ಪಟ್ಟಿಯಲ್ಲಿ ಸಿಗುತ್ತದೆ. ಹೊಸ ಡ್ರೈವರ್ ಬಂದ ಮೇಲೆಯೇ ಶುರುವಾಗಿದ್ದರೆ ಡಿವೈಸ್ ಮ್ಯಾನೇಜರ್‌ಗೆ ಹೋಗಿ, ಹಳೆಯ ಡ್ರೈವರಿಗೆ ಮರಳಲು ‘ರೋಲ್ ಬ್ಯಾಕ್’ ಒತ್ತಿ. ಹೊಸ ಡ್ರೈವರ್ ಅಂದರೆ ಒಳ್ಳೆಯದೇ ಅಂತೇನಿಲ್ಲ. 2010ರಲ್ಲಿ ಎನ್‌ವಿಡಿಯಾ ತನ್ನ 196.75 ಡ್ರೈವರನ್ನು ವಾಪಸ್ ತೆಗೆದುಕೊಳ್ಳಬೇಕಾಯಿತು. ಅದನ್ನು ಹಾಕಿಕೊಂಡವರ ಕಾರ್ಡಿನ ಫ್ಯಾನ್ ಸರಿಯಾಗಿ ತಿರುಗದೆ ಕಾರ್ಡ್ ವಿಪರೀತ ಬಿಸಿಯಾಗುತ್ತಿತ್ತು. ರೋಲ್ ಬ್ಯಾಕ್ ಆಯ್ಕೆ ಇಲ್ಲದಿದ್ದರೆ ಸೇಫ್ ಮೋಡ್‌ನಲ್ಲಿ ಡಿಡಿಯು (ಡಿಸ್‌ಪ್ಲೇ ಡ್ರೈವರ್ ಅನ್‌ಇನ್‌ಸ್ಟಾಲರ್) ಅನ್ನುವ ಉಚಿತ ಸಾಫ್ಟ್‌ವೇರಿನಿಂದ ಹಳೆಯದನ್ನು ಪೂರ್ತಿ ತೆಗೆದು, ಆಮೇಲೆ ಬೇರೆ ಆವೃತ್ತಿ ಹಾಕಿ. ಆ ಹೊತ್ತಿನಲ್ಲಿ ನೆಟ್ ಆಫ್ ಇರಲಿ. ಇಲ್ಲದಿದ್ದರೆ ನೀವು ಹಾಕುವ ಮುಂಚೆಯೇ ವಿಂಡೋಸ್ ತನಗೆ ಬೇಕಾದದ್ದನ್ನು ಹಾಕಿಬಿಡುತ್ತದೆ.

ನಿಮ್ಮ ಕಥೆಯಲ್ಲಿ ನನಗೆ ಡ್ರೈವರ್‌ಗಿಂತ ಜಾಸ್ತಿ ಅನುಮಾನ ಇರುವುದು ಎಸ್‌ಎಂಪಿಎಸ್ ಮೇಲೆ, ಅಂದರೆ ಕಂಪ್ಯೂಟರಿನ ಭಾಗಗಳಿಗೆ ಕರೆಂಟ್ ಕೊಡುವ ಪೆಟ್ಟಿಗೆಯ ಮೇಲೆ. ಗೇಮ್ ಆಡುವಾಗ ಮಾತ್ರ ಹೀಗಾಗುತ್ತದೆ, ಅಲ್ವಾ? ಕಾರ್ಡ್ ಅತಿ ಹೆಚ್ಚು ಕರೆಂಟ್ ಎಳೆಯುವುದು ಆಗಲೇ. ರಿಪೇರಿಯವರು ಕಾರ್ಡ್ ತೆಗೆದಾಗ ಎಸ್‌ಎಂಪಿಎಸ್ ಮೇಲಿನ ಹೊರೆಯೂ ಇಳಿಯಿತು. ಸಮಸ್ಯೆ ನಿಂತಿದ್ದು ಕಾರ್ಡ್ ಹೋದದ್ದಕ್ಕೋ ಹೊರೆ ಇಳಿದದ್ದಕ್ಕೋ, ಆ ಪರೀಕ್ಷೆಯಲ್ಲಿ ಗೊತ್ತಾಗುವುದೇ ಇಲ್ಲ.

ಪವರ್ ಆಫ್ ಮಾಡಿ, ಪ್ಲಗ್ ಕಿತ್ತು, ಕ್ಯಾಬಿನೆಟ್ಟಿನ ಪಕ್ಕದ ಬಾಗಿಲು ತೆಗೆಯಿರಿ. ಎಸ್‌ಎಂಪಿಎಸ್ ಮೇಲೆ ಒಂದು ಸ್ಟಿಕರ್ ಇರುತ್ತದೆ. ದೊಡ್ಡ ಅಕ್ಷರದ ‘450 ವ್ಯಾಟ್’ ಬಿಡಿ, ಕೆಳಗಿನ ಕೋಷ್ಟಕದಲ್ಲಿ 12 ವೋಲ್ಟ್ ಮುಂದೆ ಎಷ್ಟು ಆಂಪ್ ಅಂತ ಬರೆದಿದೆ ನೋಡಿ. 18 ಆಂಪ್ ಅಂತಿದ್ದರೆ, 12ರಿಂದ ಗುಣಿಸಿ: 216 ವ್ಯಾಟ್. ಪ್ರೊಸೆಸರ್, ಕಾರ್ಡ್ ಎರಡೂ ಇದರಲ್ಲೇ ಬದುಕಬೇಕು. ಹಾಗೇ ಕಾರ್ಡಿಗೆ ಹೋಗುವ ವೈರ್ ನೋಡಿ. 8 ಪಿನ್ನಿನ ಕನೆಕ್ಟರ್ 150 ವ್ಯಾಟ್‌ವರೆಗೆ, 6 ಪಿನ್ನಿನದು 75 ವ್ಯಾಟ್‌ವರೆಗೆ ಕೊಡಬೇಕು. ಹಾರ್ಡ್ ಡಿಸ್ಕಿನ ವೈರಿಗೆ ಅಡಾಪ್ಟರ್ ಸಿಕ್ಕಿಸಿ ಕಾರ್ಡಿಗೆ ಕೊಟ್ಟಿದ್ದರೆ ಅಲ್ಲೇ ಸಮಸ್ಯೆ ಇರಬಹುದು. ಕನೆಕ್ಟರ್ ಒಮ್ಮೆ ಬಿಚ್ಚಿ, ಕ್ಲಿಕ್ ಅನ್ನುವವರೆಗೆ ಒತ್ತಿ ಕೂರಿಸಿ.

ಬಾಗಿಲು ತೆಗೆದ ಮೇಲೆ ಧೂಳನ್ನೂ ತೆಗೆದುಬಿಡಿ. ಬ್ಲೋವರ್ ಹಿಡಿಯುವಾಗ ಕಾರ್ಡಿನ ಫ್ಯಾನ್ ತಿರುಗದಂತೆ ಬೆರಳಲ್ಲಿ ಹಿಡಿದುಕೊಳ್ಳಿ. ಗಾಳಿಯ ರಭಸಕ್ಕೆ ಮಿತಿಮೀರಿ ತಿರುಗಿದರೆ ಬೇರಿಂಗ್ ಹಾಳಾಗುತ್ತದೆ. ಆಮೇಲೆ ಗೇಮ್ ಹಾಕಿ ಟಾಸ್ಕ್ ಮ್ಯಾನೇಜರ್‌ನಲ್ಲಿ ಜಿಪಿಯು (ಕಾರ್ಡಿನ ಮುಖ್ಯ ಚಿಪ್) ಬಿಸಿ ನೋಡಿ. 70, 80 ಡಿಗ್ರಿ ಸಾಮಾನ್ಯ. 90 ದಾಟುತ್ತಿದ್ದರೆ ಚಿಪ್ಪಿನ ಬಿಸಿ ಹೊರಗೆ ಸಾಗಿಸುವ ಥರ್ಮಲ್ ಪೇಸ್ಟ್ ಬದಲಿಸಬೇಕು, ಇಲ್ಲವೇ ಗಾಳಿ ಆಡುವಂತೆ ಮಾಡಬೇಕು. ಯಾರಾದರೂ ಓವರ್‌ಕ್ಲಾಕ್ ಮಾಡಿದ್ದರೆ, ಅಂದರೆ ಕಾರ್ಡಿನ ವೇಗ ನಿಗದಿಗಿಂತ ಹೆಚ್ಚಿಸಿದ್ದರೆ, ಅದನ್ನೂ ತೆಗೆಯಿರಿ.

ಇಷ್ಟಾದರೂ ನಿಲ್ಲದಿದ್ದರೆ ನಿಮ್ಮ ಕಾರ್ಡನ್ನು ಒಳ್ಳೆಯ ಎಸ್‌ಎಂಪಿಎಸ್ ಇರುವ ಬೇರೆ ಕಂಪ್ಯೂಟರಿಗೆ ಹಾಕಿ, ಅದೇ ಗೇಮ್ ಅರ್ಧ ಗಂಟೆ ಓಡಿಸಿ. ಅಲ್ಲೂ ಕಪ್ಪಾದರೆ, ಅಥವಾ ವಿಂಡೋಸ್ ಬರುವ ಮುಂಚಿನ ಬಯಾಸ್ ಸ್ಕ್ರೀನಿನಲ್ಲೇ ಗೆರೆ, ಬಣ್ಣದ ಚೌಕ ಕಂಡರೆ ರಿಪೇರಿಯವರ ಮಾತು ಸರಿ. ಆಗಲೂ ಹೊಸದಕ್ಕೆ ದುಡ್ಡು ಕೊಡುವ ಮುಂಚೆ ಬಿಲ್ ಹುಡುಕಿ. ಎಷ್ಟೋ ಕಾರ್ಡುಗಳಿಗೆ 3 ವರ್ಷದ ವಾರಂಟಿ ಇರುತ್ತದೆ.