ಪದ ಪರಿಚಯ: ಲಾಂಚ್ ಏಡ್

ಹೊಸ ಮಾದರಿಯ ವಿಮಾನ ಅಥವಾ ಎಂಜಿನ್ ರೂಪಿಸಲು ಸರ್ಕಾರ ಕಂಪನಿಗೆ ಮುಂಗಡವಾಗಿ ಕೊಡುವ ಹಣಕ್ಕೆ ಯುರೋಪಿನಲ್ಲಿ ಲಾಂಚ್ ಏಡ್ ಎನ್ನುತ್ತಾರೆ. ಹೆಸರಲ್ಲಿ ‘ಏಡ್’ ಇದ್ದರೂ ಇದು ಪುಕ್ಕಟೆ ಸಹಾಯಧನವಲ್ಲ, ಬ್ಯಾಂಕಿನ ಸಾಲವೂ ಅಲ್ಲ. ಸಾಲದ ಕಂತಿಗೆ ತಾರೀಖು ಇರುತ್ತದೆ. ಇಲ್ಲಿ ಕಂತು ಬೀಳುವುದು ವಿಮಾನ ಗಿರಾಕಿಯ ಕೈಸೇರಿದಾಗ, ಒಂದಕ್ಕೆ ಇಷ್ಟು ಎಂದು. ಮಾರಾಟ ಬಿದ್ದುಹೋದರೆ ಬಾಕಿ ಸರ್ಕಾರದ ತಲೆಗೆ.

ಒಂದು ಕಾಲ್ಪನಿಕ ಲೆಕ್ಕ ನೋಡಿ. ಅಭಿವೃದ್ಧಿಗೆ 10,000 ಕೋಟಿ ರೂಪಾಯಿ ಬೇಕು, ಸರ್ಕಾರದ ಪಾಲು 3,300 ಕೋಟಿ, ಮಾರಾಟದ ಅಂದಾಜು 600 ವಿಮಾನ. ಬಡ್ಡಿ ಬಿಟ್ಟು ವಿಮಾನವೊಂದಕ್ಕೆ 5.5 ಕೋಟಿ ವಾಪಸ್ ಬರಬೇಕು. ಮಾರಾಟ 250ಕ್ಕೇ ನಿಂತರೆ ಕೈಗೆ ಬರುವುದು 1,375 ಕೋಟಿ. 600 ದಾಟಿದ ಮೇಲೂ ರಾಯಧನ ಕೊಡಬೇಕೆಂಬ ಷರತ್ತಿದ್ದರೆ ಖಜಾನೆಗೆ ಲಾಭ. ಇಡೀ ಒಪ್ಪಂದ ನಿಂತಿರುವುದು ಆ 600ರ ಮೇಲೆ. ಹಣ ಕೇಳುವವರೇ ಆ ಅಂದಾಜನ್ನೂ ಮುಂದಿಡುವುದು ಎಂಬುದನ್ನು ಮರೆಯಬಾರದು.

ಖಾಸಗಿ ಬಂಡವಾಳ ಏಕೆ ಸಾಲದು? ವಿನ್ಯಾಸ, ಪರೀಕ್ಷೆ, ಪ್ರಮಾಣಪತ್ರ ಮುಗಿಯುವವರೆಗೆ ವರ್ಷಗಟ್ಟಲೆ ಖರ್ಚೇ ಹೊರತು ಆದಾಯವಿಲ್ಲ. ಆಮೇಲೂ ಮೊದಲ ವಿಮಾನಗಳು ನಷ್ಟದಲ್ಲೇ ಹೋಗುತ್ತವೆ: ತಯಾರಾದ ಒಟ್ಟು ಸಂಖ್ಯೆ ಇಮ್ಮಡಿಯಾದಾಗಲೆಲ್ಲ ವಿಮಾನಕ್ಕೆ ತಗಲುವ ಸರಾಸರಿ ಕೂಲಿ ಸುಮಾರು ಶೇ 20ರಷ್ಟು ಇಳಿಯುತ್ತದೆಂದು ಅಮೆರಿಕದ ವಿಮಾನ ಎಂಜಿನಿಯರ್ ಟಿ.ಪಿ. ರೈಟ್ 1936ರಲ್ಲೇ ತೋರಿಸಿದ್ದ. ಆ ಇಳಿಕೆ ಕಾಣುವ ತನಕ ತಡೆದುಕೊಳ್ಳಬೇಕು. ಬ್ರಿಟನ್ನಿನ ವಿಮಾನ ಎಂಜಿನ್ ಕಂಪನಿ ರೋಲ್ಸ್-ರಾಯ್ಸ್ ತಡೆದುಕೊಳ್ಳಲಿಲ್ಲ. ಆರ್‌ಬಿ211 ಎಂಜಿನ್ನನ್ನು ನಿಗದಿತ ಬೆಲೆಗೆ ಕೊಡುವುದಾಗಿ ಅಮೆರಿಕದ ವಿಮಾನ ಕಂಪನಿ ಲಾಕ್‌ಹೀಡ್‌ಗೆ ಒಪ್ಪಿಕೊಂಡಿತ್ತು. ಇಂಗಾಲದ ನಾರಿನ ಫ್ಯಾನ್ ಅಲಗುಗಳು ಹಕ್ಕಿ ಬಡಿತದ ಪರೀಕ್ಷೆಯಲ್ಲಿ ಸೋತು, ಟೈಟಾನಿಯಂಗೆ ಮರಳಬೇಕಾಯಿತು. ಲಾಂಚ್ ಏಡ್ ಇದ್ದೂ 1971ರ ಫೆಬ್ರವರಿಯಲ್ಲಿ ಕಂಪನಿ ದಿವಾಳಿಯೆದ್ದಿತು. ಬ್ರಿಟಿಷ್ ಸರ್ಕಾರವೇ ಅದನ್ನು ವಹಿಸಿಕೊಂಡಿತು. ಅದೇ ಎಂಜಿನ್ನಿನ ವಂಶದಲ್ಲಿ ಮುಂದೆ ಟ್ರೆಂಟ್ ಎಂಜಿನ್‌ಗಳು ಬಂದವು. ಬೆಂಬಲಿಗರೂ ಟೀಕಾಕಾರರೂ ಇದೊಂದೇ ಕಥೆಯನ್ನು ಎತ್ತಿಕೊಳ್ಳುವುದು ಅದಕ್ಕೇ.

ಏರ್‌ಬಸ್‌ನಲ್ಲೂ ಗೆಲುವು, ಸೋಲು ಎರಡೂ ಇವೆ. ಎ320ರ ರೆಕ್ಕೆಗಳ ಕೆಲಸಕ್ಕೆ 1984ರಲ್ಲಿ ಬ್ರಿಟನ್ 25 ಕೋಟಿ ಪೌಂಡ್ ಕೊಟ್ಟಿತು. ವಿಮಾನ ಸಾವಿರಗಟ್ಟಲೆ ಮಾರಾಟವಾಯಿತು. ಎ380 ಮಾತ್ರ 251ಕ್ಕೆ ನಿಂತು 2021ರಲ್ಲಿ ಮುಗಿಯಿತು.

ಅಮೆರಿಕದ ತಕರಾರು ಬಡ್ಡಿಯ ಬಗ್ಗೆ. ಅಮೆರಿಕ ಮತ್ತು ಯುರೋಪಿನ ನಡುವಣ 1992ರ ಒಪ್ಪಂದ ಇಂಥ ನೆರವನ್ನು ಅಭಿವೃದ್ಧಿ ವೆಚ್ಚದ ಶೇ 33ಕ್ಕೆ ಮಿತಿಗೊಳಿಸಿ, 17 ವರ್ಷದಲ್ಲಿ ತೀರಿಸಬೇಕೆಂದಿತ್ತು. 2004ರಲ್ಲಿ ಅಮೆರಿಕ ಅದರಿಂದ ಹೊರನಡೆದು ವಿಶ್ವ ವ್ಯಾಪಾರ ಸಂಸ್ಥೆಗೆ ದೂರು ಕೊಟ್ಟಿತು. ಬೋಯಿಂಗ್‌ಗೆ ನಾಸಾ, ರಕ್ಷಣಾ ಇಲಾಖೆಗಳ ಸಂಶೋಧನಾ ಹಣ ಹಾಗೂ ತೆರಿಗೆ ವಿನಾಯಿತಿ ಸಿಗುತ್ತದೆಂದು ಯುರೋಪು ಪ್ರತಿದೂರು ಕೊಟ್ಟಿತು. ಮಾರುಕಟ್ಟೆಗಿಂತ ಕಡಿಮೆ ಬಡ್ಡಿಯಲ್ಲೇ ಸಬ್ಸಿಡಿ ಅಡಗಿದೆ ಎಂದಿತು ಸಂಸ್ಥೆ. 2019ರಲ್ಲಿ ಅಮೆರಿಕಕ್ಕೆ ವರ್ಷಕ್ಕೆ 750 ಕೋಟಿ ಡಾಲರ್ ಸರಕಿನ ಮೇಲೆ ಸುಂಕ ಹಾಕಲು, ಮರುವರ್ಷ ಯುರೋಪಿಗೆ ಸುಮಾರು 400 ಕೋಟಿ ಡಾಲರ್ ಸರಕಿನ ಮೇಲೆ ಹಾಕಲು ಅನುಮತಿ ಸಿಕ್ಕಿತು. ವಿಮಾನದ ಜಗಳದಲ್ಲಿ ಚೀಸ್, ವೈನ್‌ಗಳಿಗೂ ಸುಂಕ ಬಿತ್ತು. 2021ರ ಜೂನ್‌ನಲ್ಲಿ ಎರಡೂ ಕಡೆಯವರು ಸುಂಕವನ್ನು 5 ವರ್ಷ ತಡೆಹಿಡಿದು, ಇನ್ನು ಕೊಡುವ ಹಣ ಮಾರುಕಟ್ಟೆಯ ಷರತ್ತಿನ ಮೇಲೇ ಇರಬೇಕೆಂದು ಒಪ್ಪಿದರು.