ಅಂಗಡಿಗೆ ಹೋಗುವ ಮುನ್ನ ಟಾಸ್ಕ್ ಮ್ಯಾನೇಜರ್ ತೆರೆಯಿರಿ

ಮಗ ಇಂಜಿನಿಯರಿಂಗ್ ಸೇರಿದ, ಮಗಳು ಬಿ.ಕಾಂ.ಗೆ ಹೊರಟಳು ಅಂದರೆ ಮನೆಗೆ ಕಂಪ್ಯೂಟರ್ ಬರಬೇಕು. ಆಗ ಮೊದಲು ಏಳುವ ಪ್ರಶ್ನೆ: ‘ಐ5 ತಗೊಳ್ಳೋಣವಾ, ಐ7 ತಗೊಳ್ಳೋಣವಾ?’ ಬಜೆಟ್ಟಿನ ದೊಡ್ಡ ಪಾಲು ಪ್ರೊಸೆಸರ್ ಹೆಸರಿನ ಈ ಒಂದು ಅಂಕಿಗೇ ಹೋಗುತ್ತದೆ. ಉಳಿದ ಹಣಕ್ಕೆ ಸಿಗುವುದು 8 ಜಿಬಿ ರ‍್ಯಾಮ್ (ನಡೆಯುತ್ತಿರುವ ಕೆಲಸದ ಮಾಹಿತಿಯನ್ನು ತಾತ್ಕಾಲಿಕವಾಗಿ ಇಟ್ಟುಕೊಳ್ಳುವ ಮೆಮೊರಿ) ಮತ್ತು ಮಂಕು ಪರದೆ. ಎರಡು ವರ್ಷ ಕಳೆಯುವುದರೊಳಗೆ ‘ಸಿಸ್ಟಂ ಸ್ಲೋ’ ಎಂಬ ದೂರು ಶುರು. ಬಹಳಷ್ಟು ಸಲ ಆ ನಿಧಾನಕ್ಕೂ ಪ್ರೊಸೆಸರ್‌ಗೂ ಸಂಬಂಧವೇ ಇರುವುದಿಲ್ಲ.

ಹೊಸದನ್ನು ಕೊಳ್ಳುವ ಮುನ್ನ ಈಗಿರುವ ಕಂಪ್ಯೂಟರ್ ನಿಮ್ಮನ್ನು ಎಲ್ಲಿ ಕಾಯಿಸುತ್ತಿದೆ ಎಂದು ಅಳೆಯಿರಿ. ಮನೆಯಲ್ಲಿ ಇಲ್ಲದಿದ್ದರೆ ಕಾಲೇಜಿನ ಲ್ಯಾಬ್‌ನದ್ದೂ ಆದೀತು. ದಿನವೂ ಬಳಸುವ ತಂತ್ರಾಂಶಗಳನ್ನೆಲ್ಲ ಒಟ್ಟಿಗೆ ತೆರೆಯಿರಿ: ಬ್ರೌಸರ್‌ನ ಹದಿನೈದು ಟ್ಯಾಬ್, ಎಕ್ಸೆಲ್, ಒಂದು ವಿಡಿಯೊ ಕರೆ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ಬರುತ್ತದೆ. ಅದರ ಪರ್ಫಾರ್ಮೆನ್ಸ್ ವಿಭಾಗದಲ್ಲಿ ಸಿಪಿಯು (ಅಂದರೆ ಪ್ರೊಸೆಸರ್) 20–30 ಶೇಕಡಾದಲ್ಲಿದ್ದು ಮೆಮೊರಿ 90 ದಾಟಿದ್ದರೆ ನಿಮಗೆ ಬೇಕಿರುವುದು ರ‍್ಯಾಮ್. ಡಿಸ್ಕ್ ಮತ್ತೆ ಮತ್ತೆ 100ಕ್ಕೆ ಅಂಟಿಕೊಂಡಿದ್ದರೆ ತಿರುಗುವ ತಟ್ಟೆಯ ಬದಲು ಚಿಪ್ಪಿನಲ್ಲಿ ಮಾಹಿತಿ ಇಡುವ ವೇಗದ ಡಿಸ್ಕ್, ಅಂದರೆ ಎಸ್‌ಎಸ್‌ಡಿ. ಸಿಪಿಯು ನಿಮಿಷಗಟ್ಟಲೆ 100ರಲ್ಲೇ ನಿಂತಿದ್ದರೆ ಮಾತ್ರ ದೊಡ್ಡ ಪ್ರೊಸೆಸರ್‌ಗೆ ಹಣ ಸುರಿಯುವುದರಲ್ಲಿ ಅರ್ಥವಿದೆ.

ರ‍್ಯಾಮ್ ತುಂಬಿದಾಗ ಆಗುವುದೇನು? ಸದ್ಯಕ್ಕೆ ಬೇಡದ ಮಾಹಿತಿಯನ್ನು ವಿಂಡೋಸ್ ಡಿಸ್ಕಿಗೆ ಸಾಗಿಸುತ್ತದೆ, ಬೇಕಾದಾಗ ವಾಪಸ್ ತರುತ್ತದೆ. ರ‍್ಯಾಮ್‌ನಿಂದ ಒಂದು ತುಣುಕು ಓದಲು ಸುಮಾರು 100 ನ್ಯಾನೊಸೆಕೆಂಡ್ ಬೇಕು. ಎಸ್‌ಎಸ್‌ಡಿಗೆ ಸುಮಾರು 100 ಮೈಕ್ರೊಸೆಕೆಂಡ್. ತಿರುಗುವ ತಟ್ಟೆಯ ಹಳೆಯ ಹಾರ್ಡ್ ಡಿಸ್ಕಿಗೆ 10 ಮಿಲಿಸೆಕೆಂಡ್ ಆಸುಪಾಸು. ರ‍್ಯಾಮ್‌ನ ಓದನ್ನು ಒಂದು ಸೆಕೆಂಡ್‌ಗೆ ಹಿಗ್ಗಿಸಿ ಲೆಕ್ಕ ಹಾಕಿದರೆ ಎಸ್‌ಎಸ್‌ಡಿಗೆ ಹದಿನೇಳು ನಿಮಿಷ ಹಿಡಿಯುತ್ತದೆ, ಹಾರ್ಡ್ ಡಿಸ್ಕಿಗೆ ಇಪ್ಪತ್ತೇಳು ಗಂಟೆಗೂ ಹೆಚ್ಚು! ಅಷ್ಟು ಹೊತ್ತೂ ಆ ಮಾಹಿತಿಗಾಗಿ ಕಾದಿರುವ ಕೆಲಸ ನಿಂತೇ ಇರುತ್ತದೆ, ಪ್ರೊಸೆಸರ್ ಐ3 ಆಗಿರಲಿ, ಐ7 ಆಗಿರಲಿ. ಹಳೆಯ ಲ್ಯಾಪ್‌ಟಾಪ್‌ಗೆ ಬರೀ ಎಸ್‌ಎಸ್‌ಡಿ ಹಾಕಿಸಿದರೂ ಹೊಸದರಂತೆ ಓಡುವುದು ಇದಕ್ಕೇ.

ನಾಲ್ಕು ವರ್ಷದ ಪದವಿಗಾಗಿ ಕೊಳ್ಳುವುದಾದರೆ 16 ಜಿಬಿಗಿಂತ ಕಡಿಮೆ ಬೇಡ. ವಿಂಡೋಸ್ 11 ಏನೂ ತೆರೆಯದೆಯೇ 3 ಜಿಬಿ ಆಸುಪಾಸು ತಿನ್ನುತ್ತದೆ, ಪ್ರೊಸೆಸರ್ ಒಳಗೇ ಇರುವ ಗ್ರಾಫಿಕ್ಸ್ ತನ್ನ ಪಾಲನ್ನೂ ಅದೇ ರ‍್ಯಾಮ್‌ನಿಂದ ಕೀಳುತ್ತದೆ. ‘ಈಗ 8 ಸಾಕು, ಆಮೇಲೆ ಹಾಕಿಸೋಣ’ ಅನ್ನುವವರು ಒಂದು ಮಾತು ಖಚಿತಪಡಿಸಿಕೊಳ್ಳಬೇಕು: ಖಾಲಿ ಸ್ಲಾಟ್ ಇದೆಯಾ? ತೆಳು ಲ್ಯಾಪ್‌ಟಾಪ್‌ಗಳಲ್ಲಿ ರ‍್ಯಾಮನ್ನು ಬೋರ್ಡಿಗೇ ಬೆಸುಗೆ ಹಾಕಿರುತ್ತಾರೆ. ವಿವರಪಟ್ಟಿಯಲ್ಲಿ ಎಲ್‌ಪಿಡಿಡಿಆರ್ ಎಂದಿದ್ದರೆ ಅದನ್ನು ಮುಂದೆ ಹೆಚ್ಚಿಸುವ ಆಸೆ ಬಿಡಿ. ಸ್ಲಾಟ್ ಇದ್ದರೆ ರ‍್ಯಾಮ್‌ನ ಎರಡು ಕಡ್ಡಿ (ಸ್ಟಿಕ್) ಹಾಕಿಸುವುದು ಲೇಸು. ಡಿಡಿಆರ್4-3200ರ ಒಂದು ಕಡ್ಡಿಯಿಂದ ಸೆಕೆಂಡ್‌ಗೆ 25.6 ಜಿಬಿ ಸಾಗಬಲ್ಲದು, ಎರಡಿದ್ದರೆ ದಾರಿ ಇಮ್ಮಡಿ. ಒಳಗಿನ ಗ್ರಾಫಿಕ್ಸ್ ನಂಬಿ ಆಟ ಆಡುವವರಿಗೆ ಈ ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ. ಅಗ್ಗದ ಯಂತ್ರಗಳಲ್ಲಿ ‘64 ಜಿಬಿ ಇಎಂಎಂಸಿ’ ಎಂದು ಬರೆದಿದ್ದರೆ ದೂರವಿರಿ. ಅದು ಎಸ್‌ಎಸ್‌ಡಿ ಅಲ್ಲ, ಬೋರ್ಡಿಗೇ ಬೆಸೆದ ನಿಧಾನದ ಸಂಗ್ರಹ ಚಿಪ್ಪು; ಬದಲಾಯಿಸಲೂ ಬರುವುದಿಲ್ಲ. ವಿಂಡೋಸ್ 11ಕ್ಕೆ ಕನಿಷ್ಠ ಬೇಕಿರುವುದೇ 64 ಜಿಬಿ. ದೊಡ್ಡ ಅಪ್‌ಡೇಟ್ ಬಂದ ದಿನ ಜಾಗ ಸಾಲದೆ ಕೂರುತ್ತದೆ.

ಇನ್ನು ಪ್ರೊಸೆಸರ್. ಇಲ್ಲಿ ಹೆಸರಿನ ಮೊದಲ ಅಂಕಿಗಿಂತ ಕೊನೆಯ ಅಕ್ಷರವನ್ನು ಗಮನವಿಟ್ಟು ಓದಬೇಕು. ಇಂಟೆಲ್‌ನ ಐ7-1255ಯು ಮತ್ತು ಐ5-12500ಎಚ್ ಎರಡೂ 12ನೇ ತಲೆಮಾರಿನವು. ಮೊದಲನೆಯದರಲ್ಲಿ ಎರಡು ದೊಡ್ಡ ಕೋರ್ (ಲೆಕ್ಕ ಮಾಡುವ ಘಟಕ), ಎಂಟು ಸಣ್ಣ ಕೋರ್. ಮೂಲ ವಿದ್ಯುತ್ ಮಿತಿ 15 ವ್ಯಾಟ್. ಎರಡನೆಯದರಲ್ಲಿ ನಾಲ್ಕು ದೊಡ್ಡವು, ಎಂಟು ಸಣ್ಣವು. ಮಿತಿ 45 ವ್ಯಾಟ್. ಗರಿಷ್ಠ ವೇಗ ಐ7ರದ್ದು 4.7 ಗಿಗಾಹರ್ಟ್ಸ್, ಐ5ರದ್ದು 4.5. ಪೆಟ್ಟಿಗೆ ನೋಡಿದರೆ ಐ7 ಗೆದ್ದಂತೆಯೇ. ಅರ್ಧ ಗಂಟೆಯ ವಿಡಿಯೊ ಎಕ್ಸ್‌ಪೋರ್ಟ್‌ಗೆ ಹಾಕಿ ನೋಡಿ, ಐ5 ಮೊದಲು ಮುಗಿಸುತ್ತದೆ. ಚಿಪ್ಪಿನ ವೇಗ ಏರಿಸಲು ವೋಲ್ಟೇಜ್ ಏರಿಸಬೇಕು, ವೋಲ್ಟೇಜಿನ ವರ್ಗಕ್ಕೆ (ಸ್ಕ್ವೇರ್) ತಕ್ಕಂತೆ ವಿದ್ಯುತ್ ಬಳಕೆ ಏರುತ್ತದೆ, ಅಷ್ಟೂ ಶಾಖವಾಗುತ್ತದೆ. 15 ವ್ಯಾಟ್‌ಗೆ ರೂಪಿಸಿದ ಸಣ್ಣ ಫ್ಯಾನು ಆ 4.7ರ ಶಾಖವನ್ನು ಸ್ವಲ್ಪ ಹೊತ್ತಷ್ಟೇ ತಾಳೀತು, ಆಮೇಲೆ ವೇಗ ಇಳಿಯಲೇಬೇಕು. ಹಾಗೆಂದು ಎಲ್ಲರಿಗೂ ಎಚ್ ಬೇಕಿಲ್ಲ. ಟ್ಯಾಲಿ, ವರ್ಡ್, ಬ್ರೌಸರ್‌ಗಳದು ಕ್ಷಣಕಾಲದ ಕೆಲಸ. ಅವಕ್ಕೆ ಯು ಚಿಪ್ಪೇ ಸರಿ, ಬ್ಯಾಟರಿಯೂ ಹೆಚ್ಚು ಹೊತ್ತು ಬರುತ್ತದೆ.

ಎಎಂಡಿಯ 7000 ಸರಣಿಯ ಲ್ಯಾಪ್‌ಟಾಪ್ ಚಿಪ್ಪುಗಳಲ್ಲಿ ಮೂರನೇ ಅಂಕಿ ನೋಡಿ. ರೈಜನ್ 5 7520ಯು ಹೆಸರಿನ ಮೂರನೇ ಅಂಕಿ 2, ಅಂದರೆ ಒಳಗಿರುವುದು 2019ರಲ್ಲಿ ಬಂದ ಜೆನ್ 2 ವಿನ್ಯಾಸ, ನಾಲ್ಕು ಕೋರ್. 7530ಯುನಲ್ಲಿ ಅದು 3: ಜೆನ್ 3, ಆರು ಕೋರ್. ಅಂಗಡಿಯಲ್ಲಿ ಎರಡೂ ‘ರೈಜನ್ 5, 7000 ಸರಣಿ’ ಎಂಬ ಒಂದೇ ಹೆಸರಿನಲ್ಲಿ ಕೂತಿರುತ್ತವೆ. ಬೆಲೆಯಲ್ಲಿ ಸ್ವಲ್ಪವೇ ಅಂತರವಿದ್ದರೆ 7530ಯು ಬಿಡಬೇಡಿ.

ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಬೇಕಾಗುವುದು ಮುಖ್ಯವಾಗಿ ತ್ರೀಡಿ ವಿನ್ಯಾಸ, ದೊಡ್ಡ ಆಟಗಳು, ವಿಡಿಯೊ ಸಂಕಲನ, ಮೆಷಿನ್ ಲರ್ನಿಂಗ್ ಮಾಡುವವರಿಗೆ. ಪ್ರೋಗ್ರಾಮಿಂಗ್ ಕಲಿಯುವ ವಿದ್ಯಾರ್ಥಿಗೆ ಅದು ತೂಕ ಮತ್ತು ಶಾಖ ಎರಡನ್ನೂ ಸುಮ್ಮನೆ ಹೊರಿಸುತ್ತದೆ. ಬೇಕೇ ಬೇಕು ಅಂದರೆ ವ್ಯಾಟ್ ಕೇಳಿ. ಲ್ಯಾಪ್‌ಟಾಪ್‌ನ ಆರ್‌ಟಿಎಕ್ಸ್ 4060 ಒಂದೇ ಹೆಸರಿನಲ್ಲಿ 35ರಿಂದ 115 ವ್ಯಾಟ್‌ವರೆಗೆ ಬರುತ್ತದೆ. ತುಂಬ ತೆಳು ಯಂತ್ರದಲ್ಲಿರುವುದು ಕೆಳಗಿನ ತುದಿಯದ್ದೇ ಇರಬಹುದು.

ಪರದೆಯಲ್ಲಿ ಐಪಿಎಸ್ (ಪಕ್ಕದಿಂದ ನೋಡಿದರೂ ಬಣ್ಣ ಕೆಡದ ಬಗೆ), 300 ನಿಟ್ಸ್ (ಬೆಳಕಿನ ಅಳತೆ) ಇದ್ದರೆ ಕಿಟಕಿ ಪಕ್ಕ ಕೂತರೂ ಅಕ್ಷರ ಕಾಣುತ್ತದೆ. ‘45% ಎನ್‌ಟಿಎಸ್‌ಸಿ’ (ತೋರಿಸಬಲ್ಲ ಬಣ್ಣಗಳ ಅಳತೆ) ಎಂಬ ಪರದೆಯಲ್ಲಿ ಕೆಂಪು, ಹಸಿರು ಮಾಸಿದಂತಿರುತ್ತವೆ. ಫೋಟೊ, ವಿನ್ಯಾಸದ ಕೆಲಸದವರು ಬಣ್ಣದ ಇನ್ನೊಂದು ಅಳತೆಯಾದ ಎಸ್‌ಆರ್‌ಜಿಬಿ 100% ಇರುವುದನ್ನೇ ಹುಡುಕಬೇಕು.

ತಂತ್ರಾಂಶ ಯಾವುದರಲ್ಲಿ ಓಡುತ್ತದೆ ಎಂಬುದನ್ನು ಕೊನೆಗೆ ಬಿಟ್ಟು ಪೇಚಾಡುವವರು ಬಹಳ. ಟ್ಯಾಲಿ, ಸಾಲಿಡ್‌ವರ್ಕ್ಸ್, ನಮ್ಮ ಕಚೇರಿಗಳಲ್ಲಿ ಇಂದಿಗೂ ನಡೆಯುವ ‘ನುಡಿ’ ಎಂಬ ಕನ್ನಡ ಟೈಪಿಂಗ್ ತಂತ್ರಾಂಶ, ಇವೆಲ್ಲ ವಿಂಡೋಸ್‌ಗೆ ಮಾಡಿದವು. ಮ್ಯಾಕ್‌ಬುಕ್ ಏರ್ ಎಷ್ಟೇ ಚೆನ್ನಾಗಿರಲಿ, ಡಿಟಿಪಿ ಅಂಗಡಿಯವರಿಗೆ ಅದು ಒಗ್ಗದು.

ಯಂತ್ರ ಮನೆಯಲ್ಲೇ ಇರುವುದಾದರೆ ಡೆಸ್ಕ್‌ಟಾಪ್ ಯೋಚಿಸಿ. ಅದೇ ಹಣಕ್ಕೆ ಹೆಚ್ಚು ಶಕ್ತಿ, ಕೆಟ್ಟ ಭಾಗವನ್ನಷ್ಟೇ ಬದಲಿಸಿದರಾಯಿತು. ಕರೆಂಟ್ ಹೋಗುವ ಊರಾದರೆ 600 ವಿಎ ಯುಪಿಎಸ್ ಜೊತೆಗಿರಲಿ. ಕೆಲಸ ಸೇವ್ ಮಾಡಿ ಶಟ್‌ಡೌನ್ ಮಾಡುವಷ್ಟು ಸಮಯ ಸಿಗುತ್ತದೆ. ಲೇಸರ್ ಪ್ರಿಂಟರನ್ನು ಮಾತ್ರ ಅದಕ್ಕೆ ಸಿಕ್ಕಿಸಬೇಡಿ. ಟೋನರ್ ಕರಗಿಸುವ ಅದರ ಹೀಟರ್ ನೂರಾರು ವ್ಯಾಟ್ ಎಳೆದು ಯುಪಿಎಸ್ಸನ್ನೇ ಬೀಳಿಸುತ್ತದೆ.

ಸೆಕೆಂಡ್‌ ಹ್ಯಾಂಡ್ ಕೊಳ್ಳುವವರು ಇಂಟೆಲ್ 8ನೇ ತಲೆಮಾರಿಗಿಂತ ಹಳೆಯದನ್ನು ಮುಟ್ಟದಿರುವುದು ಒಳ್ಳೆಯದು. ಒಂದೆರಡು ಅಪವಾದ ಬಿಟ್ಟರೆ ಅವು ವಿಂಡೋಸ್ 11ರ ಪಟ್ಟಿಯಲ್ಲಿಲ್ಲ, ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್‌ನಲ್ಲೇ ಬ್ಯಾಟರಿ ರಿಪೋರ್ಟ್ ತೆಗೆಸಿ. 50 ವ್ಯಾಟ್-ಅವರ್ ಬ್ಯಾಟರಿ ಈಗ 30ಕ್ಕೆ ತುಂಬಿ ನಿಲ್ಲುತ್ತಿದ್ದರೆ ಹೊಸ ಬ್ಯಾಟರಿಯ ಬೆಲೆ ಕಳೆದು ಮಾತಾಡಿ.

ಹೊಸ ಯಂತ್ರ ಕೈಗೆ ಬಂದ ದಿನವೇ ಟಾಸ್ಕ್ ಮ್ಯಾನೇಜರ್‌ನಲ್ಲಿ ಚಿಪ್ಪಿನ ಪೂರ್ತಿ ಹೆಸರು, ರ‍್ಯಾಮ್‌ನ ವೇಗ, ಬಳಸಿದ ಸ್ಲಾಟ್ ಎಷ್ಟು ಎಂದು ಬಿಲ್ಲಿನೊಡನೆ ತಾಳೆ ನೋಡಿ. 512 ಜಿಬಿ ಎಸ್‌ಎಸ್‌ಡಿ 476 ಎಂದು ತೋರಿಸಿದರೆ ಗಾಬರಿ ಬೇಡ: ತಯಾರಕರು ಸಾವಿರದಲ್ಲಿ ಎಣಿಸುತ್ತಾರೆ, ವಿಂಡೋಸ್ 1024ರಲ್ಲಿ. ಸೀರಿಯಲ್ ಸಂಖ್ಯೆಯನ್ನು ಕಂಪನಿಯ ಜಾಲತಾಣದಲ್ಲಿ ಹಾಕಿ ವಾರಂಟಿ ಎಂದಿನಿಂದ ಶುರುವಾಗಿದೆ ನೋಡಿ. ನೀವು ಕೊಂಡ ದಿನಕ್ಕಿಂತ ಹಿಂದಿನ ದಿನಾಂಕವಿದ್ದರೆ ಬಿಲ್ಲಿನ ಪ್ರತಿ ಕಳುಹಿಸಿ ಕೂಡಲೇ ತಿದ್ದಿಸಿಕೊಳ್ಳಿ.